ಡಾ. ಯಲ್ಲಾಪ್ರಗಡ ಸುಬ್ಬರಾವ್: ಉಂಡ ಅನ್ನ ಮೈಗೆ ಹತ್ತದ ರೋಗಕ್ಕೆ ಔಷಧ ಕಂಡವರು

ಪೀಠಿಕೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡವು ಶ್ರೀ ಮಾಲತೇಶ ಸ್ವಾಮಿಯ ಸನ್ನಿಧಿಯಿಂದ ನಾಡಿನಾದ್ಯಂತ ಹೆಸರಾದ ಕ್ಷೇತ್ರವಾಗಿದೆ. ಪ್ರತಿ ವರ್ಷ ದಸರಾ ಸಂದರ್ಭದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಸುತ್ತಲಿನ ಜಿಲ್ಲೆಗಳಿಂದ ಅಪಾರ ಸಂಖ್ಯೆಯ ಭಕ್ತರು ಇಲ್ಲಿ ಸೇರುತ್ತಾರೆ. ಆ ನುಡಿಯಲ್ಲಿ ರೈತಾಪಿ ಜನರು ಮಳೆ ಬೆಳೆಗಳ ಮುನ್ಸೂಚನೆಯನ್ನು ಕಾಣುತ್ತಾರೆ. ಬೆಳೆ ಚೆನ್ನಾಗಿ ಬಂದರೆ ಮನೆಯಲ್ಲಿ ಊಟಕ್ಕೆ ಕೊರತೆಯಿರುವುದಿಲ್ಲ, ಊಟಕ್ಕೆ ಕೊರತೆಯಿಲ್ಲದಿದ್ದರೆ ಆರೋಗ್ಯಕ್ಕೂ ಕೊರತೆಯಿರುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿದೆ.

ಈ ನಂಬಿಕೆಯು ಬಹುಮಟ್ಟಿಗೆ ಸರಿಯಾದುದೇ ಆಗಿದೆ. ಆದರೆ ರೊಟ್ಟಿ, ಕಾಳು, ಸೊಪ್ಪು, ಹಾಲು ಎಲ್ಲವೂ ಇರುವ ಮನೆಯಲ್ಲಿಯೂ ಕೆಲವರು ದಿನೇ ದಿನೇ ಸೊರಗುತ್ತಾರೆ. ನಾಲಿಗೆ ಕೆಂಪಾಗಿ ಉರಿಯುತ್ತದೆ, ಭೇದಿ ನಿಲ್ಲುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂದು ಮನೆಯ ಹಿರಿಯರು ಹೇಳುವುದು ಇಂತಹವರನ್ನು ಕುರಿತೇ ಆಗಿದೆ. ದೀರ್ಘಕಾಲದ ಕಾಯಿಲೆಯಿಂದ ಕರುಳು ಕೆಟ್ಟಾಗ ಆಹಾರದಲ್ಲಿರುವ ಜೀವಸತ್ವಗಳು ಶರೀರಕ್ಕೆ ಸೇರದೆ ಹೋಗುವುದೇ ಇದಕ್ಕೆ ಕಾರಣವಿರಬಹುದು.

ಇಂತಹ ಒಂದು ಕಾಯಿಲೆಯು ಆಂಧ್ರದ ಒಂದು ಕುಟುಂಬದ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. ಅದೇ ಕುಟುಂಬದ ಮತ್ತೊಬ್ಬ ಸಹೋದರರು ಆ ಕಾಯಿಲೆಯ ಔಷಧವನ್ನು ಜಗತ್ತಿಗೆ ದೊರಕಿಸಿಕೊಟ್ಟರು. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್. ಗ್ರಾಮದ ಉಪಕೇಂದ್ರದಲ್ಲಿ ಗರ್ಭಿಣಿಯರಿಗೆ ನೀಡಲಾಗುವ ಮಾತ್ರೆಯ ಹಿಂದೆ ಅವರ ಶ್ರಮವಿದೆ. ಆರೋಗ್ಯ ಸೇವೆಗಳನ್ನು ಕೋರಿ ಬರುವ ನಾಗರಿಕರ ತಿಳಿವಳಿಕೆಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಈ ಕೆಳಗೆ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸುಬ್ಬರಾವ್ ಅವರು 1895ರ ಜನವರಿ 12ರಂದು ಅಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಭೀಮಾವರಂನಲ್ಲಿ ಜನಿಸಿದರು. ಈ ಊರು ಈಗ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಸುಬ್ಬರಾವ್ ನಾಲ್ಕನೆಯವರು. ಮನೆಯ ಆರ್ಥಿಕ ಸ್ಥಿತಿ ಉತ್ತಮವಾಗಿರಲಿಲ್ಲ. ಹತ್ತಿರದ ಸಂಬಂಧಿಕರು ಒಬ್ಬರಾದ ಮೇಲೊಬ್ಬರು ರೋಗಗಳಿಗೆ ತುತ್ತಾದುದರಿಂದ ಕುಟುಂಬವು ಸತತ ಕಷ್ಟದಲ್ಲಿತ್ತು.

ಬಾಲಕನಾಗಿದ್ದಾಗ ಸುಬ್ಬರಾವ್ ಅವರಿಗೆ ಓದಿನಲ್ಲಿ ವಿಶೇಷ ಆಸಕ್ತಿಯಿರಲಿಲ್ಲ. ಸುಮಾರು 13ನೆಯ ವಯಸ್ಸಿನಲ್ಲಿ ಅವರು ಮನೆಬಿಟ್ಟು ಕಾಶಿಯ ದಾರಿ ಹಿಡಿದರು. ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂಬುದು ಅವರ ಯೋಜನೆಯಾಗಿತ್ತು. ದೇವರಗುಡ್ಡದ ಜಾತ್ರೆಯಲ್ಲಿ ಹಣ್ಣುಕಾಯಿ, ಭಂಡಾರದ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕೂರುವ ಹುಡುಗರನ್ನು ಕಂಡವರಿಗೆ ಈ ಬಾಲಕನ ಆಸೆಯನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು. ಆದರೆ ಅವರನ್ನು ದಾರಿಯಲ್ಲಿಯೇ ಹುಡುಕಿ ಮನೆಗೆ ಕರೆತರಲಾಯಿತು. ತಾಯಿ ವೆಂಕಮ್ಮನವರು ಮಗನ ವಿದ್ಯಾಭ್ಯಾಸವನ್ನು ಬಿಡಿಸಲು ಒಪ್ಪಲಿಲ್ಲ. ತಮ್ಮ ಒಡವೆಗಳನ್ನು ಮಾರಿ ಶಾಲೆಯ ಖರ್ಚನ್ನು ನಿಭಾಯಿಸಿದರು. ಎರಡು ಬಾರಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಸುಬ್ಬರಾವ್, ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದರು. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರು.

ಯೌವನದಲ್ಲಿ ಅವರ ಮನಸ್ಸು ಸನ್ಯಾಸದ ಕಡೆಗೆ ಒಲಿಯಿತು. ರಾಮಕೃಷ್ಣ ಮಿಷನ್ ಸೇರಬೇಕೆಂದು ಅವರು ಬಯಸಿದರು. ತಾಯಿಯ ಒಪ್ಪಿಗೆ ದೊರೆಯಲಿಲ್ಲ. ವೈದ್ಯವಿದ್ಯೆಯನ್ನು ಕಲಿತು ರೋಗಿಗಳ ಸೇವೆ ಮಾಡುವಂತೆ ಮಿಷನ್‌ನ ಹಿರಿಯರು ಅವರಿಗೆ ಸಲಹೆ ನೀಡಿದರು. ಅದರಂತೆ ಅವರು ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು.

ವೈದ್ಯಕೀಯ ಶಿಕ್ಷಣ ಮತ್ತು ಸಹೋದರರ ಮರಣ

ಕಾಲೇಜಿನ ಶುಲ್ಕವನ್ನು ಸ್ನೇಹಿತರು ಹಾಗೂ ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಎಂಬ ಹಿತೈಷಿಗಳು ಭರಿಸಿದರು. 1919ರಲ್ಲಿ ಅವರ ಮಗಳಾದ ಶೇಷಗಿರಿ ಅವರೊಂದಿಗೆ ಸುಬ್ಬರಾವ್ ಅವರ ವಿವಾಹವಾಯಿತು. ಮಹಾತ್ಮ ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಅವರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿ ನಿಲುವಂಗಿಯನ್ನು ಧರಿಸತೊಡಗಿದರು. ಇದು ಶಸ್ತ್ರಚಿಕಿತ್ಸಾ ವಿಭಾಗದ ಆಂಗ್ಲ ಪ್ರಾಧ್ಯಾಪಕರಿಗೆ ಸರಿಬರಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಉತ್ತಮವಾಗಿ ಬರೆದಿದ್ದರೂ ಅವರಿಗೆ ಪೂರ್ಣ ಎಂ.ಬಿ.ಬಿ.ಎಸ್. ಪದವಿಯ ಬದಲು ಎಲ್.ಎಂ.ಎಸ್. ಎಂಬ ಕೆಳದರ್ಜೆಯ ಅರ್ಹತೆ ಮಾತ್ರ ದೊರೆಯಿತು. ಇದರಿಂದ ಮದ್ರಾಸ್ ವೈದ್ಯಕೀಯ ಸೇವೆಗೆ ಸೇರುವ ಅವರ ಪ್ರಯತ್ನವೂ ಕೈಗೂಡಲಿಲ್ಲ.

ಈ ವರ್ಷಗಳಲ್ಲಿ ಕುಟುಂಬಕ್ಕೆ ದೊಡ್ಡ ಆಘಾತ ಎದುರಾಯಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಉಷ್ಣವಲಯದ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಆ ಕಾಲದಲ್ಲಿ ಈ ಕಾಯಿಲೆಯ ಕಾರಣವಾಗಲಿ ಖಚಿತವಾದ ಔಷಧವಾಗಲಿ ಯಾರಿಗೂ ತಿಳಿದಿರಲಿಲ್ಲ. ವೈದ್ಯಕೀಯ ವಿದ್ಯೆಯನ್ನು ಕಲಿಯುತ್ತಿದ್ದ ಮಗನಿರುವ ಮನೆಯಲ್ಲಿಯೇ ಇಬ್ಬರು ಮಕ್ಕಳು ಹೀಗೆ ಕ್ಷೀಣಿಸಿ ಹೋದುದನ್ನು ಸುಬ್ಬರಾವ್ ಅವರು ಎಂದಿಗೂ ಮರೆಯಲಿಲ್ಲ.

ಸ್ಪ್ರೂ ಕಾಯಿಲೆಯಲ್ಲಿ ಕರುಳಿಗೆ ಆಗುವುದೇನು?

ಅಂದು ತಿಳಿಯದಿದ್ದ ವಿಷಯವು ಇಂದು ಬಹುಮಟ್ಟಿಗೆ ತಿಳಿದಿದೆ. ಸುಬ್ಬರಾವ್ ಅವರ ಸಾಧನೆಯನ್ನು ಅರಿಯಲು ಇದರ ಸ್ಥೂಲ ಪರಿಚಯವು ಅವಶ್ಯಕವಾಗಿದೆ.

ಸೇವಿಸಿದ ಆಹಾರವು ಜಠರವನ್ನು ದಾಟಿ ಸಣ್ಣ ಕರುಳನ್ನು ತಲುಪುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ವಿಲೈ ಎಂಬ ಕಿರುಬೆರಳಿನ ಆಕಾರದ ಅಸಂಖ್ಯ ಚಾಚಿಕೆಗಳಿರುತ್ತವೆ. ಪೋಷಕಾಂಶಗಳನ್ನು ಹೀರಿಕೊಂಡು ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸವಾಗಿದೆ. ಕರುಳಿನ ಎಲ್ಲ ಭಾಗವೂ ಎಲ್ಲ ಕೆಲಸವನ್ನೂ ಮಾಡುವುದಿಲ್ಲ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವವು ಸಣ್ಣ ಕರುಳಿನ ಮೇಲ್ಭಾಗದಲ್ಲಿ ಹೀರಲ್ಪಡುತ್ತದೆ. ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಬಿ-12 ಜೀವಸತ್ವವು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುತ್ತದೆ. ಅದಕ್ಕೂ ಮೊದಲು ಜಠರವು ಸ್ರವಿಸುವ ಒಂದು ವಿಶೇಷ ಪ್ರೋಟೀನು ಅದರೊಂದಿಗೆ ಕೂಡಿಕೊಳ್ಳಬೇಕಾಗುತ್ತದೆ. ಎ, ಡಿ, ಇ ಮತ್ತು ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂತಹವು. ಇವು ಶರೀರಕ್ಕೆ ಸೇರಲು ಪಿತ್ತರಸ ಹಾಗೂ ಮೇದೋಜೀರಕ ಗ್ರಂಥಿಯ ರಸವೂ ಬೇಕಾಗುತ್ತದೆ.

ಸ್ಪ್ರೂ ಕಾಯಿಲೆಯಲ್ಲಿ ವಿಲೈಗಳು ಮೊಟಕಾಗಿ ಚಪ್ಪಟೆಯಾಗುತ್ತವೆ. ಹೀರುವ ಜಾಗ ಕಡಿಮೆಯಾಗುತ್ತದೆ. ಆಹಾರದಲ್ಲಿರುವ ಫೋಲೇಟ್ ಸರಪಳಿಯ ರೂಪದಲ್ಲಿರುತ್ತದೆ. ಕರುಳಿನ ಗೋಡೆಯಲ್ಲಿರುವ ಕಿಣ್ವವು ಆ ಸರಪಳಿಯನ್ನು ಕತ್ತರಿಸಿದ ನಂತರವೇ ಅದು ಒಳಗೆ ಹೋಗಬಲ್ಲದು. ಗೋಡೆಯೇ ಕೆಟ್ಟಾಗ ಈ ಕೆಲಸವೂ ಕುಂಠಿತವಾಗುತ್ತದೆ. ಶರೀರದಲ್ಲಿ ಫೋಲೇಟ್‌ನ ದಾಸ್ತಾನು ಸುಮಾರು ಮೂರು ನಾಲ್ಕು ತಿಂಗಳಿಗೆ ಮಾತ್ರ ಸಾಕಾಗುತ್ತದೆ. ಬಿ-12ರ ದಾಸ್ತಾನು ಯಕೃತ್ತಿನಲ್ಲಿ ಕೆಲವು ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ಫೋಲೇಟ್‌ನ ಕೊರತೆ ಮೊದಲು, ಬಿ-12ರ ಕೊರತೆ ನಂತರ ಕಾಣಿಸಿಕೊಳ್ಳುತ್ತದೆ. ಇವೆರಡೂ ಇಲ್ಲದೆ ಅಸ್ಥಿಮಜ್ಜೆಯು ಸರಿಯಾದ ಕೆಂಪು ರಕ್ತಕಣಗಳನ್ನು ತಯಾರಿಸಲಾರದು. ರೋಗಿಗೆ ರಕ್ತಹೀನತೆ ಉಂಟಾಗುತ್ತದೆ.

ಇಲ್ಲಿ ಇನ್ನೊಂದು ತೊಡಕೂ ಇದೆ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟಬೇಕು. ಅದಕ್ಕೂ ಫೋಲೇಟ್ ಬೇಕು. ಕರುಳು ಕೆಟ್ಟಿರುವುದರಿಂದ ಫೋಲೇಟ್ ಸಿಗದು, ಫೋಲೇಟ್ ಸಿಗದಿರುವುದರಿಂದ ಕರುಳು ಸರಿಹೋಗದು. ಲೆಕ್ಕದ ಪುಸ್ತಕದ ಮಾತಿನಲ್ಲಿ ಹೇಳುವುದಾದರೆ, ತಾಟಿನಲ್ಲಿ ಬಡಿಸಿದ ಊಟವು ಬರಬೇಕಾದ ಬಾಕಿಯೇ ಹೊರತು ಕೈಸೇರಿದ ಜಮೆಯಲ್ಲ. ವಸೂಲಿ ಮಾಡುವ ಕರುಳೇ ಕೆಟ್ಟಾಗ ಬಾಕಿ ಬೆಳೆಯುತ್ತದೆ, ಶರೀರದ ಮೂಲಧನ ಕರಗುತ್ತದೆ.

ಅಮೆರಿಕೆಯಲ್ಲಿ ಸಂಶೋಧನೆ

ಸರ್ಕಾರಿ ಸೇವೆ ದೊರೆಯದ ಸುಬ್ಬರಾವ್ ಅವರು ಮದ್ರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಉಪನ್ಯಾಸಕರಾದರು. ಆಯುರ್ವೇದ ಔಷಧಗಳ ಗುಣವನ್ನು ಆಧುನಿಕ ವಿಧಾನದಿಂದ ಪರೀಕ್ಷಿಸಬೇಕೆಂಬ ಆಸಕ್ತಿ ಅವರಲ್ಲಿ ಮೂಡಿತು. ಇದೇ ಸಮಯದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕೆಯ ವೈದ್ಯರೊಬ್ಬರ ಪರಿಚಯವಾಗಿ ಅಲ್ಲಿಗೆ ಹೋಗಿ ಓದುವ ಆಸೆ ಹುಟ್ಟಿತು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವು ಹಾಗೂ ಮಾವನವರು ಹೊಂದಿಸಿದ ಹಣದಿಂದ ಅವರು 1920ರ ದಶಕದ ಮೊದಲ ಭಾಗದಲ್ಲಿ ಬಾಸ್ಟನ್ ನಗರವನ್ನು ತಲುಪಿದರು. ಪತ್ನಿ ಶೇಷಗಿರಿ ಅವರು ಭಾರತದಲ್ಲಿಯೇ ಉಳಿದರು. ಸುಬ್ಬರಾವ್ ಅವರು ಹೊರಟ ನಂತರ ಜನಿಸಿದ ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. ಸುಬ್ಬರಾವ್ ಅವರು ಮರಳಿ ಸ್ವದೇಶಕ್ಕೆ ಬರಲೇ ಇಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಉಷ್ಣವಲಯದ ವೈದ್ಯಶಾಸ್ತ್ರದ ಡಿಪ್ಲೊಮಾ ಪಡೆದರು. ಖರ್ಚಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಳಹಂತದ ಕೆಲಸವನ್ನೂ ಮಾಡಿದರು. ನಂತರ ಸೈರಸ್ ಫಿಸ್ಕ್ ಅವರೊಂದಿಗೆ ಸೇರಿ ರಕ್ತ ಹಾಗೂ ಅಂಗಾಂಶಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1925ರಲ್ಲಿ ಪ್ರಕಟವಾದ ಈ ವಿಧಾನವು ಫಿಸ್ಕ್-ಸುಬ್ಬರಾವ್ ವಿಧಾನವೆಂದೇ ಜೀವರಸಾಯನ ಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಮುಂದೆ ಇವರಿಬ್ಬರೂ ಸ್ನಾಯುಗಳಲ್ಲಿ ಶಕ್ತಿಯನ್ನು ಕಾಯ್ದಿಡುವ ಫಾಸ್ಫೋಕ್ರಿಯಾಟಿನ್ ಮತ್ತು ಎ.ಟಿ.ಪಿ. ಎಂಬ ಎರಡು ವಸ್ತುಗಳನ್ನು ಗುರುತಿಸಿದರು. ಎ.ಟಿ.ಪಿ. ವಸ್ತುವನ್ನು ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಅವರೂ ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ಸುಬ್ಬರಾವ್ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು.

ಈ ಎಲ್ಲ ಸಾಧನೆಗಳ ನಡುವೆಯೂ ಅವರ ಗಮನವು ರಕ್ತಹೀನತೆಯ ಕಡೆಗೆ ಮರಳಿ ಹೋಗುತ್ತಿತ್ತು. ಯಕೃತ್ತನ್ನು ಆಹಾರವಾಗಿ ನೀಡಿದರೆ ಮಾರಕ ರಕ್ತಹೀನತೆ ಗುಣವಾಗುತ್ತದೆ ಎಂಬುದನ್ನು ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿಕೊಟ್ಟಿದ್ದರು. ಯಕೃತ್ತಿನಲ್ಲಿರುವ ಆ ಗುಣಕಾರಿ ವಸ್ತು ಯಾವುದೆಂಬ ಶೋಧನೆಯಲ್ಲಿ ಸುಬ್ಬರಾವ್ ಅವರು ಹಲವು ವರ್ಷಗಳನ್ನು ಕಳೆದರು.

ಮುಂಬಯಿಯಿಂದ ಬಂದ ಸುಳಿವು

ಈ ಶೋಧನೆಯ ಒಂದು ಪ್ರಮುಖ ಸುಳಿವು ಭಾರತದಿಂದಲೇ ದೊರೆಯಿತು. ದೇವರಗುಡ್ಡವೂ ಸೇರಿದಂತೆ ಇಂದಿನ ಹಾವೇರಿ ಜಿಲ್ಲೆಯ ಪ್ರದೇಶವು ಆಗ ಧಾರವಾಡ ಜಿಲ್ಲೆಗೂ, ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತ್ಯಕ್ಕೂ ಸೇರಿತ್ತು. ಅದೇ ಪ್ರಾಂತ್ಯದ ರಾಜಧಾನಿಯಾದ ಮುಂಬಯಿಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಆಗಮಿಸಿದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯನ್ನು ಅವರು ಅಭ್ಯಸಿಸಿದರು. ಯೀಸ್ಟಿನ ಸಾರವನ್ನು ನೀಡಿದಾಗ ಈ ಸ್ತ್ರೀಯರು ಚೇತರಿಸಿಕೊಂಡರು. 1931ರಲ್ಲಿ ಈ ಸಂಗತಿಯನ್ನು ಅವರು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವನ್ನು ಮುಂದೆ ವಿಲ್ಸ್ ಅಂಶವೆಂದು ಕರೆಯಲಾಯಿತು.

ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕೆಯ ಟೆಕ್ಸಾಸಿನ ವಿಜ್ಞಾನಿಗಳು ಹಲವು ಟನ್ ಪಾಲಕ ಸೊಪ್ಪಿನಿಂದ ಇಂತಹುದೇ ಒಂದು ವಸ್ತುವನ್ನು ಸಾಂದ್ರೀಕರಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದವನ್ನು ಆಧರಿಸಿ ಅದಕ್ಕೆ ಫೋಲಿಕ್ ಆಮ್ಲ ಎಂಬ ಹೆಸರನ್ನಿಟ್ಟರು. ಟನ್‌ಗಟ್ಟಲೆ ಸೊಪ್ಪಿನಿಂದ ದೊರೆಯುತ್ತಿದ್ದುದು ಅತ್ಯಲ್ಪ ಪ್ರಮಾಣ ಮಾತ್ರ. ಈ ರೀತಿಯಲ್ಲಿ ರೋಗಿಗಳಿಗೆ ಔಷಧ ಒದಗಿಸುವುದು ಅಸಾಧ್ಯವಾಗಿತ್ತು.

ಫೋಲಿಕ್ ಆಮ್ಲದ ತಯಾರಿಕೆ

ಹಾರ್ವರ್ಡ್‌ನಲ್ಲಿ ಕಾಯಂ ಅಧ್ಯಾಪಕ ಹುದ್ದೆ ದೊರೆಯದ ಕಾರಣ ಸುಬ್ಬರಾವ್ ಅವರು 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸುವುದನ್ನು ಅವರು ತಮ್ಮ ತಂಡದ ಮುಖ್ಯ ಗುರಿಯಾಗಿ ಕೈಗೆತ್ತಿಕೊಂಡರು.

1943ರಲ್ಲಿ ತಂಡದ ರಾಬರ್ಟ್ ಸ್ಟೋಕ್‌ಸ್ಟಾಡ್ ಅವರು ಯಕೃತ್ತಿನಿಂದ ಶುದ್ಧ ಹರಳುಗಳನ್ನು ಬೇರ್ಪಡಿಸಿದ ವಿಷಯವನ್ನು ಪ್ರಕಟಿಸಿದರು. 1945ರಲ್ಲಿ ಪ್ರಯೋಗಾಲಯದಲ್ಲಿಯೇ ಫೋಲಿಕ್ ಆಮ್ಲವನ್ನು ತಯಾರಿಸಿದುದನ್ನು ತಂಡವು ಘೋಷಿಸಿತು. 1946ರಲ್ಲಿ ಅದರ ರಾಸಾಯನಿಕ ರಚನೆಯು ಪ್ರಕಟವಾಯಿತು. ಈ ಕಾರ್ಯದಲ್ಲಿ ಅನೇಕ ರಸಾಯನಶಾಸ್ತ್ರಜ್ಞರು ಭಾಗವಹಿಸಿದ್ದರು. ಸಹೋದ್ಯೋಗಿಗಳ ಹೆಸರು ಮುಂದೆ ಬರಲೆಂದು ಬಯಸುತ್ತಿದ್ದ ಸುಬ್ಬರಾವ್ ಅವರು ತಾವು ಹಿಂದೆಯೇ ಉಳಿಯುತ್ತಿದ್ದರು. ಜನಸಾಮಾನ್ಯರಿಗೆ ಅವರ ಹೆಸರು ಹೆಚ್ಚಾಗಿ ತಿಳಿಯದಿರಲು ಇದೂ ಒಂದು ಕಾರಣವಾಗಿದೆ.

ಹೊಸ ಔಷಧವನ್ನು ಸ್ಪ್ರೂ ರೋಗಿಗಳಿಗೆ ನೀಡುವ ಪ್ರಯೋಗವನ್ನು ಅಮೆರಿಕೆಯ ವೈದ್ಯ ಟಾಮ್ ಸ್ಪೈಸ್ ಮತ್ತು ಸಂಗಡಿಗರು 1945-46ರ ಅವಧಿಯಲ್ಲಿ ಕ್ಯೂಬಾ ಮುಂತಾದೆಡೆ ಕೈಗೊಂಡರು. ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಹೆಚ್ಚಿದವು. ನಾಲಿಗೆಯ ಉರಿ ಕಡಿಮೆಯಾಯಿತು, ಹಸಿವು ಮರಳಿತು, ಭೇದಿ ಇಳಿಯಿತು. ಹತ್ತಾರು ವರ್ಷಗಳ ಹಿಂದೆ ಗೋದಾವರಿ ತೀರದ ಒಂದು ಮನೆಗೆ ತಲುಪಬೇಕಾಗಿದ್ದ ಔಷಧವು ಕೊನೆಗೂ ಸಿದ್ಧವಾಗಿತ್ತು.

ಕರುಳು ಆಹಾರದಲ್ಲಿರುವ ಜೀವಸತ್ವವನ್ನೇ ಹೀರಿಕೊಳ್ಳದಿರುವಾಗ ಮಾತ್ರೆಯನ್ನು ಹೇಗೆ ಹೀರಿಕೊಳ್ಳುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಾತ್ರೆಯಲ್ಲಿರುವ ಫೋಲಿಕ್ ಆಮ್ಲವು ಸರಪಳಿಯ ರೂಪದಲ್ಲಿಲ್ಲ, ಬಿಡಿಯಾಗಿರುತ್ತದೆ. ಅದನ್ನು ಕತ್ತರಿಸುವ ಅಗತ್ಯವಿಲ್ಲ. ಚಿಕಿತ್ಸೆಯ ಪ್ರಮಾಣವು ನಿತ್ಯದ ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವುದರಿಂದ ಕೆಟ್ಟ ಕರುಳಿನ ಮೂಲಕವೂ ಸಾಕಷ್ಟು ಭಾಗ ಒಳಸೇರುತ್ತದೆ. ಒಮ್ಮೆ ಒಳಸೇರಿದ ಮೇಲೆ ಕರುಳಿನ ಒಳಪದರದ ದುರಸ್ತಿಗೂ ಅದು ನೆರವಾಗುತ್ತದೆ.

ಎದುರಾದ ನಿರಾಶೆ

ಆದರೆ ಎಲ್ಲವೂ ನಿರೀಕ್ಷೆಯಂತೆ ನಡೆಯಲಿಲ್ಲ. ಮಾರಕ ರಕ್ತಹೀನತೆಗೂ ಫೋಲಿಕ್ ಆಮ್ಲವೇ ಪರಿಹಾರವಾಗಬಹುದೆಂಬ ಆಸೆ ವೈದ್ಯರಲ್ಲಿತ್ತು. ಔಷಧ ನೀಡಿದಾಗ ಆ ರೋಗಿಗಳ ರಕ್ತವು ಸುಧಾರಿಸಿತು. ಆದರೆ ಕೈಕಾಲುಗಳ ಜೋಮು, ನಡಿಗೆಯ ತೂರಾಟ ಮುಂತಾದ ನರಗಳ ತೊಂದರೆಗಳು ನಿಲ್ಲಲಿಲ್ಲ, ಕೆಲವರಲ್ಲಿ ಉಲ್ಬಣಿಸಿದವು. ರಕ್ತ ಪರೀಕ್ಷೆಯ ವರದಿ ಚೆನ್ನಾಗಿದೆ, ರೋಗಿಯ ನಡಿಗೆ ಕೆಡುತ್ತಿದೆ ಎಂಬಂತಹ ಸ್ಥಿತಿಯದು.

ಕೊರತೆಯಾಗಿದ್ದುದು ಬೇರೊಂದು ಜೀವಸತ್ವ ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ಬಿ-12. ಯಕೃತ್ತಿನಲ್ಲಿ ಸುಬ್ಬರಾವ್ ಅವರು ವರ್ಷಗಟ್ಟಲೆ ಅರಸಿದ್ದ ಈ ವಸ್ತುವನ್ನು 1948ರಲ್ಲಿ ಅಮೆರಿಕೆ ಹಾಗೂ ಇಂಗ್ಲೆಂಡಿನ ಬೇರೆ ಎರಡು ತಂಡಗಳು ಬೇರ್ಪಡಿಸಿದವು. ದೀರ್ಘಕಾಲದ ಸ್ಪ್ರೂ ರೋಗಿಗಳಿಗೂ ಬಿ-12 ಬೇಕಾಗುತ್ತದೆ ಎಂಬುದು ನಂತರ ದೃಢಪಟ್ಟಿತು. ಈ ಅನುಭವದಿಂದ ಬಂದ ಪಾಠವು ಇಂದಿಗೂ ಮುಖ್ಯವಾಗಿದೆ. ಬಿ-12ರ ಕೊರತೆಯಿರುವವರು ಫೋಲಿಕ್ ಆಮ್ಲವನ್ನು ಮಾತ್ರ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳಿಗೆ ಹಾನಿಯಾಗುತ್ತಲೇ ಇರಬಹುದು.

ಚಿಕಿತ್ಸೆಯ ಎರಡನೆಯ ಭಾಗ ಹಾಗೂ ಇತರ ಔಷಧಗಳು

ಸ್ಪ್ರೂ ಕಾಯಿಲೆಯಲ್ಲಿ ಸಣ್ಣ ಕರುಳಿನಲ್ಲಿ ರೋಗಾಣುಗಳು ಅತಿಯಾಗಿ ಬೆಳೆದಿರುವುದು ಮುಂದಿನ ದಶಕಗಳ ಅಧ್ಯಯನಗಳಿಂದ ತಿಳಿದುಬಂದಿತು. 1960ರ ದಶಕದಲ್ಲಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಈ ಕಾಯಿಲೆಯು ಸಾಂಕ್ರಾಮಿಕದಂತೆ ಹರಡಿದಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರಾದ ಬೇಕರ್ ಮತ್ತು ಮಥನ್ ಅವರು ಇದನ್ನು ವಿವರವಾಗಿ ಅಭ್ಯಸಿಸಿದರು. ಫೋಲಿಕ್ ಆಮ್ಲದೊಂದಿಗೆ ಟೆಟ್ರಾಸೈಕ್ಲಿನ್ ಗುಂಪಿನ ಜೀವಿರೋಧಕವನ್ನು ಕೆಲವು ತಿಂಗಳು ನೀಡುವುದು, ಅಗತ್ಯವಿದ್ದಲ್ಲಿ ಬಿ-12 ಚುಚ್ಚುಮದ್ದು ಕೊಡುವುದು ಇಂದಿನ ಚಿಕಿತ್ಸಾ ಕ್ರಮವಾಗಿದೆ.

ಈ ಟೆಟ್ರಾಸೈಕ್ಲಿನ್ ಗುಂಪಿನ ಮೊಟ್ಟಮೊದಲ ಔಷಧವಾದ ಆರಿಯೋಮೈಸಿನ್ ಸಹ ಸುಬ್ಬರಾವ್ ಅವರ ವಿಭಾಗದಿಂದಲೇ ಬಂದಿತು ಎಂಬುದು ಗಮನಾರ್ಹವಾಗಿದೆ. ಅವರ ನಿರ್ದೇಶನದಲ್ಲಿ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಮಣ್ಣಿನ ಮಾದರಿಗಳನ್ನು ಪರೀಕ್ಷಿಸುತ್ತಾ 1945ರಲ್ಲಿ ಇದನ್ನು ಪತ್ತೆ ಮಾಡಿದರು. 1948ರಲ್ಲಿ ಇದು ಬಳಕೆಗೆ ಬಂದಿತು. ಹೀಗೆ ಸಹೋದರರನ್ನು ಬಲಿ ತೆಗೆದುಕೊಂಡ ಕಾಯಿಲೆಯ ಚಿಕಿತ್ಸೆಯ ಎರಡೂ ಭಾಗಗಳಿಗೆ ದಾರಿಯಾದುದು ಒಂದೇ ಪ್ರಯೋಗಾಲಯ. ಎರಡನೆಯ ಭಾಗವು ಸ್ಪ್ರೂ ಕಾಯಿಲೆಗೂ ಉಪಯುಕ್ತವಾಗುವುದನ್ನು ನೋಡಲು ಮಾತ್ರ ಅವರು ಉಳಿಯಲಿಲ್ಲ.

ಆನೆಕಾಲು ರೋಗಕ್ಕೆ ನೀಡಲಾಗುವ ಡಿ.ಇ.ಸಿ. ಮಾತ್ರೆಯೂ ಅವರ ನೇತೃತ್ವದ ತಂಡದ ಕೊಡುಗೆಯಾಗಿದೆ. ಕರ್ನಾಟಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮುಂತಾದ ಜಿಲ್ಲೆಗಳಲ್ಲಿ ಆನೆಕಾಲು ರೋಗ ನಿಯಂತ್ರಣಕ್ಕಾಗಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ತೆರಳಿ ನುಂಗಿಸಿದ ಮಾತ್ರೆ ಇದೇ ಆಗಿದೆ. ಫೋಲಿಕ್ ಆಮ್ಲದ ಕೆಲಸಕ್ಕೆ ತಡೆಯೊಡ್ಡುವ ಔಷಧಗಳನ್ನೂ ಲೆಡರ್ಲೆ ತಂಡವು ಸಿದ್ಧಪಡಿಸಿತು. ಅವುಗಳಲ್ಲಿ ಒಂದನ್ನು ಬಳಸಿ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅವರು ರಕ್ತ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಲ್ಲಿ ತಾತ್ಕಾಲಿಕವಾಗಿ ರೋಗ ತಗ್ಗುವುದನ್ನು 1948ರಲ್ಲಿ ತೋರಿಸಿಕೊಟ್ಟರು. ಇದೇ ಗುಂಪಿನ ಮೆಥೊಟ್ರೆಕ್ಸೇಟ್ ಕ್ಯಾನ್ಸರಿಗೂ ಸಂಧಿವಾತಕ್ಕೂ ಬಳಕೆಯಲ್ಲಿದೆ.

ನಿಧನ ಮತ್ತು ಗೌರವ

ಸುಬ್ಬರಾವ್ ಅವರು 1948ರ ಆಗಸ್ಟ್ ತಿಂಗಳಿನಲ್ಲಿ ನಿದ್ರೆಯಲ್ಲಿದ್ದಾಗ ಹೃದಯ ಸ್ತಂಭನದಿಂದ ನಿಧನರಾದರು. ಆಗ ಅವರ ವಯಸ್ಸು 53 ವರ್ಷ. ಸ್ವತಂತ್ರ ಭಾರತಕ್ಕೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಅವರು ಕೊನೆಯವರೆಗೂ ಅಮೆರಿಕೆಯ ಪೌರತ್ವವನ್ನು ಪಡೆದಿರಲಿಲ್ಲ. ಶಿಲೀಂಧ್ರವೊಂದಕ್ಕೆ ಅವರ ಗೌರವಾರ್ಥ ಸುಬ್ಬರೋಮೈಸಿಸ್ ಎಂಬ ಹೆಸರನ್ನಿಡಲಾಗಿದೆ. ಭಾರತೀಯ ಅಂಚೆ ಇಲಾಖೆಯು ಅವರ ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಅಂಚೆ ಚೀಟಿಯನ್ನು ಹೊರತಂದಿತು. ಅವರ ನಿಜವಾದ ಸ್ಮಾರಕವೆಂದರೆ ಜಗತ್ತಿನೆಲ್ಲೆಡೆ ಗರ್ಭಿಣಿಯರ ಕೈಸೇರುವ ಫೋಲಿಕ್ ಆಮ್ಲದ ಮಾತ್ರೆಯೇ ಆಗಿದೆ.

ನಾಗರಿಕರ ಗಮನಕ್ಕೆ

ಭಾರತದಲ್ಲಿ ಗರ್ಭಿಣಿಯರಿಗೆ ಕಬ್ಬಿಣಾಂಶ ಹಾಗೂ ಫೋಲಿಕ್ ಆಮ್ಲದ ಮಾತ್ರೆಗಳನ್ನು ಉಚಿತವಾಗಿ ನೀಡುವ ರಾಷ್ಟ್ರೀಯ ಕಾರ್ಯಕ್ರಮವು 1970ರಲ್ಲಿ ಆರಂಭವಾಯಿತು. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯಂತೆ ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಪುನಃ 180 ದಿನ ಈ ಮಾತ್ರೆಯನ್ನು ಸೇವಿಸಬೇಕು. ಪ್ರತಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ಗರ್ಭಧಾರಣೆಗೆ ಮೊದಲೇ ಹಾಗೂ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲವನ್ನು ಸೇವಿಸುವುದರಿಂದ ಮಗುವಿನ ಬೆನ್ನುಹುರಿಯ ಜನ್ಮಜಾತ ದೋಷಗಳನ್ನು ಬಹುಮಟ್ಟಿಗೆ ತಡೆಗಟ್ಟಬಹುದು. ಈ ಸೇವೆಗಾಗಿ ಗ್ರಾಮದ ಆಶಾ ಕಾರ್ಯಕರ್ತೆಯರಲ್ಲಿ ಅಥವಾ ಉಪಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆದುಕೊಳ್ಳುವುದು.

ಮಾತ್ರೆಯನ್ನು ಕ್ರಮವಾಗಿ ನುಂಗಿದರೂ ರಕ್ತಹೀನತೆ ವಾಸಿಯಾಗದಿದ್ದಲ್ಲಿ ಅದನ್ನು ಮಾತ್ರೆಯ ದೋಷವೆಂದು ಬಗೆದು ಬಿಟ್ಟುಬಿಡಬಾರದು. ಕರುಳಿನ ಕ್ಷಯ, ಗೋಧಿಯ ಪದಾರ್ಥಗಳು ಒಗ್ಗದ ಸೀಲಿಯಾಕ್ ಕಾಯಿಲೆ, ಕರುಳಿನ ದೀರ್ಘಕಾಲದ ಉರಿಯೂತ, ಮೇದೋಜೀರಕ ಗ್ರಂಥಿಯ ಕಾಯಿಲೆ ಇವು ಜೀವಸತ್ವಗಳ ಹೀರಿಕೆಗೆ ಅಡ್ಡಿಯಾಗುತ್ತವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಅಥವಾ ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿಯೂ ಬಿ-12ರ ಕೊರತೆ ಉಂಟಾಗಬಹುದು. ಇಂತಹವರು ತಾವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರ ಸಲಹೆ ಪಡೆಯುವುದು.

ಎರಡು ವಾರಗಳಿಗಿಂತ ಹೆಚ್ಚು ಕಾಲ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ನಾಲಿಗೆಯ ಉರಿ, ಕೈಕಾಲು ಜೋಮು, ಮಲದಲ್ಲಿ ಎಣ್ಣೆಯ ಜಿಡ್ಡು ಕಂಡುಬಂದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಅಗತ್ಯವಿದ್ದಲ್ಲಿ ವೈದ್ಯಾಧಿಕಾರಿಗಳು ತಾಲ್ಲೂಕು ಆಸ್ಪತ್ರೆಗೆ ಅಥವಾ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಬರುವಾಗ ಆಧಾರ್ ಕಾರ್ಡ್, ಪಡಿತರ ಚೀಟಿ ಹಾಗೂ ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ತರುವುದು ಅನುಕೂಲಕರ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಿಳಿಸಬೇಕು.

ಹೆಸರುಕಾಳು, ಕಡಲೆ, ಶೇಂಗಾ, ಮೆಂತ್ಯದ ಸೊಪ್ಪು, ಪಾಲಕ ಮುಂತಾದ ಫೋಲೇಟ್‌ಯುಕ್ತ ಪದಾರ್ಥಗಳು ಈ ಭಾಗದ ಊಟದಲ್ಲಿ ಹಿಂದಿನಿಂದಲೂ ಇವೆ. ಸೊಪ್ಪನ್ನು ಅತಿಯಾಗಿ ಬೇಯಿಸಿ ನೀರನ್ನು ಚೆಲ್ಲಿದರೆ ಅದರಲ್ಲಿರುವ ಫೋಲೇಟ್‌ನ ಹೆಚ್ಚಿನ ಭಾಗ ನಷ್ಟವಾಗುತ್ತದೆ. ಶುದ್ಧ ನೀರು ಮತ್ತು ಶೌಚಾಲಯದ ಬಳಕೆಯಿಂದ ಕರುಳಿನ ಸೋಂಕುಗಳನ್ನು ತಡೆಗಟ್ಟಬಹುದು. ಜಾತ್ರೆಯ ದಿನಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಅವಶ್ಯಕ.

ಸುಬ್ಬರಾವ್ ಅವರ ಸಹೋದರರ ಕಾಲದಲ್ಲಿ ಈ ಕಾಯಿಲೆಗೆ ಔಷಧವಿರಲಿಲ್ಲ. ಈಗ ಔಷಧವಿದೆ. ಮನೆಯಲ್ಲಿ ಯಾರಿಗಾದರೂ ಉಂಡದ್ದು ಮೈಗೆ ಹತ್ತದಿದ್ದಲ್ಲಿ ತಡಮಾಡದೆ ತಪಾಸಣೆಗೆ ಕರೆತರಬೇಕೆಂದು ಹಾಗೂ ಲಭ್ಯವಿರುವ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.